ಮುಡಿಯಲ್ಲಿರುವ ಪುಟ್ಟ ಬುದ್ಧ

ವಚನದ ಕೊನೆಯಲ್ಲಿ 'ಕೂಡಲಸಂಗಮದೇವ' ಎಂದು ಬಂದರೆ ಬಸವಣ್ಣ, 'ಗುಹೇಶ್ವರ' ಎಂದರೆ ಅಲ್ಲಮ, 'ಚೆನ್ನಮಲ್ಲಿಕಾರ್ಜುನ' ಎಂದರೆ ಅಕ್ಕ. ಇಷ್ಟು ಗೊತ್ತಿದ್ದರೆ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಮೋಸವಿಲ್ಲ ಅಂತ ನಾವೆಲ್ಲ ನಂಬಿಕೊಂಡಿದ್ದೇವೆ. ಆದರೆ ಅಂಕಿತದ ಭಾಗವೇ ಮುರಿದುಹೋದ ಓಲೆಗರಿಯೊಂದು ಕೈಗೆ ಬಂತು ಅನ್ನಿ. ಆಗ ತೊಂದರೆ ಶುರು. ಭಾಷೆ ನೋಡಬೇಕು, ಭಾವ ನೋಡಬೇಕು, ಕಟ್ಟಿನಲ್ಲಿ ಹಿಂದೆ ಮುಂದೆ ಯಾವ ಗರಿಗಳಿದ್ದವು ಅಂತ ನೋಡಬೇಕು. ಇಷ್ಟೆಲ್ಲ ನೋಡಿದ ಮೇಲೂ "ಇದು ಇಂಥವರದೇ" ಅಂತ ಎದೆ ತಟ್ಟಿ ಹೇಳುವ ಹಾಗಿಲ್ಲ.

ವಿಗ್ರಹಗಳಿಗೂ ಇಂಥ ಅಂಕಿತ ಉಂಟು. ಶಾಸ್ತ್ರದಲ್ಲಿ ಅದಕ್ಕೆ ಲಾಂಛನ ಅಂತ ಹೆಸರು. ಶಂಖ ಚಕ್ರ ಕಂಡರೆ ವಿಷ್ಣು, ಜಿಂಕೆ ಮಳು ಕಂಡರೆ ಶಿವ ಎಂದು ದೇವಸ್ಥಾನಕ್ಕೆ ಹೋಗುವ ಮಕ್ಕಳಿಗೂ ಗೊತ್ತು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳದ ಒಂದು ಲಾಂಛನದ ವಿಚಾರ. ದೇವರ ಕಿರೀಟದಲ್ಲಿ, ಹಣೆಯಿಂದ ಸ್ವಲ್ಪ ಮೇಲೆ, ಹೆಬ್ಬೆರಳಿನಷ್ಟು ಅಥವಾ ಅದಕ್ಕಿಂತ ಚಿಕ್ಕದಾಗಿ ಕುಳಿತಿರುವ ಒಬ್ಬ ಬುದ್ಧ. ಜಪಾನಿನ ಒಂದು ಮರದ ವಿಗ್ರಹ, ಮಂಗಳೂರಿನ ಒಂದು ಕಂಚಿನ ವಿಗ್ರಹ, ನಮ್ಮ ಚೆನ್ನೈ ಎಗ್ಮೋರಿನ ವಸ್ತುಸಂಗ್ರಹಾಲಯದ ಕೆಲವು ವಿಗ್ರಹಗಳು, ಈ ಎಲ್ಲಕ್ಕೂ ಸಂಬಂಧ ಕಲ್ಪಿಸುವವನು ಈತನೇ. ಪತ್ರಿಕೆಯಲ್ಲಿ ಚಿತ್ರ ಹಾಕುವ ಅನುಕೂಲವಿಲ್ಲ. ಆದ್ದರಿಂದ ಚಿತ್ರವನ್ನೂ ಮಾತಿನಲ್ಲೇ ಬರೆಯುತ್ತೇನೆ, ಓದುಗರು ಸ್ವಲ್ಪ ಸಹಕರಿಸಬೇಕು.

ಮೊದಲು ಜಪಾನಿಗೆ ಹೋಗೋಣ. ಅಲ್ಲಿನ ನಾರಾ ಪ್ರಾಂತದ ಹೋರ್ಯೂಜಿ ಅನ್ನುವುದು ಬಹಳ ಹಳೆಯ ಬೌದ್ಧ ದೇವಾಲಯ. ಜಗತ್ತಿನಲ್ಲಿ ಉಳಿದಿರುವ ಮರದ ಕಟ್ಟಡಗಳಲ್ಲಿ ಅತಿ ಪ್ರಾಚೀನವಾದವು ಅಲ್ಲಿವೆ. ಅಲ್ಲಿನ ಒಂದು ನಿಂತಿರುವ ಬೋಧಿಸತ್ತ್ವ ವಿಗ್ರಹಕ್ಕೆ ಈಗ 'ಕುದರ ಕನ್ನೋನ್' ಎಂದು ಹೆಸರು. ಏಳನೆಯ ಶತಮಾನದ್ದು. ಎತ್ತರ ಸುಮಾರು 210 ಸೆಂಟಿಮೀಟರ್, ಅಂದರೆ ಏಳಡಿಗೆ ಸ್ವಲ್ಪ ಕಡಿಮೆ. ಕರ್ಪೂರದ ಮರದ ಒಂದೇ ದಿಮ್ಮಿಯಿಂದ ದೇಹವನ್ನು ಕೆತ್ತಿ, ಮುಂಗೈಗಳನ್ನೂ ಮೈಮೇಲಿನ ಉತ್ತರೀಯದ ಅಂಚುಗಳನ್ನೂ ಬೇರೆ ಮರದಲ್ಲಿ ಮಾಡಿ ಜೋಡಿಸಿದ್ದಾರೆ. ಮೇಲೆ ಅರಗಿನಂಥ ಒಂದು ಸೋನೆಯ ಲೇಪ, ಅದರ ಮೇಲೆ ಬಣ್ಣ. ಬಣ್ಣ ಬಹಳಮಟ್ಟಿಗೆ ಹೋಗಿದೆ.

ವಿಗ್ರಹ ಬಹಳ ಸಪೂರ. ನಮ್ಮ ಹೊಯ್ಸಳ ಶಿಲ್ಪಗಳ ತುಂಬಿದ ಮೈ ನೋಡಿ ಅಭ್ಯಾಸವಾದ ಕಣ್ಣಿಗೆ ಇದು ಉಪವಾಸ ಮಾಡಿದ ದೇವರಂತೆ ಕಾಣುತ್ತದೆ. ಬಲಗೈ ಮೊಣಕೈಯಲ್ಲಿ ಮಡಚಿ ಮುಂದಕ್ಕೆ ಚಾಚಿದೆ, ಅಂಗೈ ಮೇಲಕ್ಕೆ. ಎಡಗೈ ಕೆಳಗೆ ಇಳಿಬಿದ್ದಿದೆ. ಅದರ ಬೆರಳುಗಳ ನಡುವೆ ಒಂದು ನೀರಿನ ಹೂಜಿಯ ಕೊರಳು. ಹಿಡಿದಿದ್ದಾನೋ ಇಲ್ಲವೋ ಅನ್ನುವಷ್ಟು ಹಗುರವಾಗಿ ಹಿಡಿದಿದ್ದಾನೆ. ತಲೆಯ ಹಿಂದಿನ ಪ್ರಭಾವಳಿಯನ್ನು ಎತ್ತಿ ನಿಲ್ಲಿಸಿರುವ ಕೋಲನ್ನು ಬಿದಿರಿನ ಗಳುವಿನಂತೆ, ಗೆಣ್ಣು ಗೆಣ್ಣಾಗಿ, ಮರದಲ್ಲೇ ಕೆತ್ತಿದ್ದಾರೆ. ಬಿದಿರೇ ಬೇಕಾದಷ್ಟು ಬೆಳೆಯುವ ನಾಡಿನಲ್ಲಿ ಮರದಿಂದ ಬಿದಿರು ಮಾಡುವ ಆ ಆಚಾರಿಯ ಹಠ ನನಗೆ ಬಹಳ ಇಷ್ಟ.

ಈಗ ಹೆಸರಿನ ಪ್ರಶ್ನೆ. 1698ರಲ್ಲಿ ಆ ದೇವಾಲಯದವರು ತಮ್ಮ ವಿಗ್ರಹಗಳ ಒಂದು ಪಟ್ಟಿ ಮಾಡಿದರು. ಅದರಲ್ಲಿ ಈ ವಿಗ್ರಹಕ್ಕೆ ಕೊಟ್ಟ ಹೆಸರು 'ಕೊಕೂಜೊ'. ಕೊಕೂಜೊ ಅಂದರೆ ನಮ್ಮ ಸಂಸ್ಕೃತದ ಆಕಾಶಗರ್ಭ, ಬಯಲನ್ನೇ ಬಸಿರಲ್ಲಿಟ್ಟುಕೊಂಡ ಬೋಧಿಸತ್ತ್ವ. ಅದು ಕುದರ ದೇಶದಿಂದ, ಅಂದರೆ ಕೊರಿಯಾದ ಪ್ರಾಚೀನ ಪೆಕ್ಚೆ ರಾಜ್ಯದಿಂದ ಬಂತು, ಆದರೆ ಮೂಲದಲ್ಲಿ 'ತೆಂಜಿಕು' ವಿಗ್ರಹ ಎಂಬ ಮಾತೂ ಆ ಪಟ್ಟಿಯಲ್ಲಿದೆ. ತೆಂಜಿಕು ಅಂದರೆ ಬೇರೆ ಯಾವುದೂ ಅಲ್ಲ, ಭಾರತ! ಇದನ್ನು ಓದಿ ನಾವು ಬೀಗಬೇಕಾಗಿಲ್ಲ. ಆ ಕಾಲದ ಜಪಾನಿನಲ್ಲಿ ಕರ್ಪೂರದ ಮರದಲ್ಲಿ ಕೆತ್ತುವುದೇ ವಾಡಿಕೆಯಾಗಿತ್ತು, ಆದ್ದರಿಂದ ವಿಗ್ರಹ ಜಪಾನಿನಲ್ಲೇ ಆಯಿತು ಅನ್ನುವುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಹೆಸರು ಕೊರಿಯಾದ್ದು, ಐತಿಹ್ಯ ಭಾರತದ್ದು, ಮರ ಜಪಾನಿನದು.

ಎರಡು ನೂರು ವರ್ಷ ಆಕಾಶಗರ್ಭನಾಗಿದ್ದವನ ಹೆಸರು 1911ರಲ್ಲಿ ಬದಲಾಯಿತು. ದೇವಾಲಯದ ಉಗ್ರಾಣದಲ್ಲಿ ಒಂದು ಕಿರೀಟ ಸಿಕ್ಕಿತು. ಚಿನ್ನದ ಮುಲಾಮಿನ ತೆಳ್ಳನೆಯ ಲೋಹದ ತಗಡು, ಕುಸುರಿ ಕತ್ತರಿಸಿ ಮಾಡಿದ್ದು, ನಡುನಡುವೆ ನೀಲಿ ಗಾಜಿನ ಮಣಿ. ಅದು ಈ ವಿಗ್ರಹದ ತಲೆಯ ಕಿರೀಟ ಎಂದು ಗೊತ್ತಾಯಿತು. ಅದರ ಮುಂಭಾಗದಲ್ಲಿ ಗೆರೆಗಳಲ್ಲಿ ಕೊರೆದ ಒಬ್ಬ ಪುಟ್ಟ ಬುದ್ಧ ಕುಳಿತಿದ್ದ. ಅಷ್ಟೇ ಸಾಕಾಯಿತು. ಆಕಾಶಗರ್ಭ ಹೋಗಿ ವಿಗ್ರಹ ಕನ್ನೋನ್ ಆಯಿತು, ಅಂದರೆ ಅವಲೋಕಿತೇಶ್ವರನಾಯಿತು. 1951ರಲ್ಲಿ ರಾಷ್ಟ್ರೀಯ ನಿಧಿ ಎಂದು ಘೋಷಣೆಯಾದದ್ದು, 1997ರಲ್ಲಿ ಪ್ಯಾರಿಸ್ಸಿನ ಲೂವ್ರ್‌ಗೆ ಹೋಗಿ ಬಂದದ್ದು, 1998ರಲ್ಲಿ ಹೋರ್ಯೂಜಿಯಲ್ಲೇ ಅದಕ್ಕೆಂದು ಹೊಸ ಮಂದಿರವಾದದ್ದು ಎಲ್ಲವೂ ಕನ್ನೋನ್ ಎಂಬ ಹೆಸರಿನಲ್ಲಿ. ಕಳೆದುಹೋಗಿದ್ದ ಅಂಕಿತ ಸಿಕ್ಕಿದ ಹಾಗಾಯಿತಲ್ಲವೆ?

ಈ ಅಂಕಿತದ ಅರ್ಥವೇನು? ಮಹಾಯಾನ ಬೌದ್ಧರಲ್ಲಿ ಅವಲೋಕಿತೇಶ್ವರ ಕರುಣೆಯ ಬೋಧಿಸತ್ತ್ವ. ಕಷ್ಟದಲ್ಲಿ ಕೂಗಿದವರ ಕೂಗು ಕೇಳುವವನು. ಪಶ್ಚಿಮದ ಸುಖಾವತೀ ಲೋಕದ ಅಮಿತಾಭ ಬುದ್ಧ ಅವನ ಗುರು. ಗುರುವನ್ನು ತಲೆಯ ಮೇಲೆ ಹೊತ್ತುಕೊಳ್ಳುವುದು ಅಂತ ನಾವು ಮಾತಿಗೆ ಹೇಳುತ್ತೇವೆ, ಅಲ್ಲಿ ಶಿಲ್ಪಿ ಅದನ್ನು ಅಕ್ಷರಶಃ ಮಾಡಿ ತೋರಿಸಿದ್ದಾನೆ. ಮೈತ್ರೇಯನ ಮುಡಿಯಲ್ಲಿ ಸ್ತೂಪ ಇರುತ್ತದೆ, ಅವಲೋಕಿತನ ಮುಡಿಯಲ್ಲಿ ಅಮಿತಾಭ. ಇದು ಜಪಾನಿನಿಂದ ನಾಗಪಟ್ಟಣದವರೆಗೆ ನಡೆಯುವ ಲೆಕ್ಕ. ನಮ್ಮ ಎಗ್ಮೋರಿನ ಸಂಗ್ರಹದಲ್ಲಿರುವ ನಾಗಪಟ್ಟಣದ ಬೌದ್ಧ ಕಂಚುಗಳನ್ನು ವಿಂಗಡಿಸಿದವರಿಗೂ ಇದೇ ಆಧಾರ. ರಾಜರಾಜ ಚೋಳನ ಕಾಲದಲ್ಲಿ ಶ್ರೀವಿಜಯದ ದೊರೆಗಳು ಕಟ್ಟಿಸಿದ ಚೂಡಾಮಣಿ ವಿಹಾರ ಇದ್ದ ಊರು ಅದು. 1856ರಿಂದ ಮುಂದಕ್ಕೆ ಅಲ್ಲಿ ನೆಲ ಅಗೆದಾಗಲೆಲ್ಲ ಸಿಕ್ಕುತ್ತ ಹೋದ ಕಂಚಿನ ವಿಗ್ರಹಗಳು ಸುಮಾರು 350. ಟಿ.ಎನ್. ರಾಮಚಂದ್ರನ್ ಅವರು 1954ರಲ್ಲಿ ಅವುಗಳ ಸೂಚಿಯನ್ನು ಪ್ರಕಟಿಸಿದರು. ಅದನ್ನು ತಿರುವಿ ಹಾಕಿದರೆ ಮುಡಿಯ ಮೇಲೆ ಏನಿದೆ ಅನ್ನುವುದು ಎಷ್ಟು ದೊಡ್ಡ ಪ್ರಶ್ನೆ ಅಂತ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಮುಡಿಯಲ್ಲಿ ಯಾರೋ ಪದ್ಮಾಸನ ಹಾಕಿ ಕುಳಿತಿದ್ದಾನೆ ಅಂದಕೂಡಲೇ ಬುದ್ಧ ಅಂದುಬಿಡಬಾರದು. ಕನ್ನಡ ನಾಡಿನಲ್ಲಂತೂ ಅದು ಬಹಳ ಅಪಾಯ. ಹೊಂಬುಜದ ಪದ್ಮಾವತಿಯ ಹೆಸರು ಕೇಳದವರಿಲ್ಲ. ಜೈನ ಯಕ್ಷಿಯರ ವಿಗ್ರಹಗಳಲ್ಲಿ ಮುಡಿಯ ಮೇಲೆ ಅವರವರ ತೀರ್ಥಂಕರ ಕುಳಿತಿರುವುದು ರೂಢಿ: ಪದ್ಮಾವತಿಗೆ ಪಾರ್ಶ್ವನಾಥ, ಅಂಬಿಕೆಗೆ ನೇಮಿನಾಥ. ಚಿಕ್ಕ ರೂಪ, ಸವೆದ ಲೋಹ, ಮೇಲೆ ನೂರಾರು ವರ್ಷದ ಎಣ್ಣೆಯ ಜಿಡ್ಡು. ಜಿನನೋ ಬುದ್ಧನೋ ಹೇಗೆ ಹೇಳುವುದು? ಹೆಡೆ ಇದ್ದರೆ ಪಾರ್ಶ್ವನಾಥ. ಎದೆಯ ಮೇಲೆ ಶ್ರೀವತ್ಸ ಕಂಡರೆ, ಮೈಮೇಲೆ ಬಟ್ಟೆಯ ಗೆರೆ ಇಲ್ಲದಿದ್ದರೆ, ಜಿನ. ಹೆಗಲ ಮೇಲೆ ಚೀವರದ ಅಂಚು, ನೆತ್ತಿಯಲ್ಲಿ ಉಷ್ಣೀಷ ಇದ್ದರೆ ಬುದ್ಧ. ಬುದ್ಧ ಅಂತಾದ ಮೇಲೂ ಕೆಲಸ ಮುಗಿಯಲಿಲ್ಲ. ಕೈ ನೋಡಬೇಕು. ಎರಡೂ ಕೈ ಮಡಿಲಲ್ಲಿ ಒಂದರ ಮೇಲೊಂದು ಇದ್ದರೆ ಧ್ಯಾನಮುದ್ರೆ, ಆತ ಅಮಿತಾಭ. ಬಲಗೈ ಮೊಣಕಾಲಿನ ಮೇಲಿಂದ ನೆಲ ಮುಟ್ಟುತ್ತಿದ್ದರೆ ಆತ ಅಕ್ಷೋಭ್ಯ, ಆಗ ವಿಗ್ರಹ ಅವಲೋಕಿತನದಲ್ಲ. ಅಂಗುಲದಷ್ಟು ರೂಪದ ಕೈ ಎಲ್ಲಿದೆ ಅನ್ನುವುದರ ಮೇಲೆ ಆರಡಿ ದೇವರ ಹೆಸರು ನಿಂತಿದೆ ಅಂದ ಹಾಗಾಯಿತು!

ಇತರ ಲಾಂಛನಗಳು ಯಾಕೆ ಸಾಲದು ಅಂತ ನೀವು ಕೇಳಬಹುದು. ಹೂಜಿ ಇದೆಯಲ್ಲ? ಹೂಜಿ ಬ್ರಹ್ಮನ ಕೈಯಲ್ಲೂ ಇದೆ, ಮೈತ್ರೇಯನ ಕೈಯಲ್ಲೂ ಇದೆ, ಅದನ್ನು ನಾವು ಕಮಂಡಲು ಅನ್ನುತ್ತೇವೆ. ತಾವರೆ? ಸೂರ್ಯನಿಗೂ ತಾವರೆ, ಲಕ್ಷ್ಮಿಗೂ ತಾವರೆ. ಜಟೆ? ಇಲ್ಲಿಗೆ ಬಂದಾಗ ವಿಷಯ ಸ್ವಾರಸ್ಯವಾಗುತ್ತದೆ. ಅವಲೋಕಿತೇಶ್ವರನ ತಲೆಯ ಮೇಲಿರುವುದು ಭಾರತದಲ್ಲಿ ಬಹುಮಟ್ಟಿಗೆ ಜಟಾಮಕುಟ. ಅದೇ ಜಟಾಮಕುಟ ಶಿವನಿಗೂ ಇದೆ. ಜಟೆಯಲ್ಲಿ ಚಂದ್ರನಿದ್ದರೆ ಶಿವ, ಅಮಿತಾಭನಿದ್ದರೆ ಅವಲೋಕಿತ. ಇಬ್ಬರ ನಡುವಿನ ದೂರ ಅಷ್ಟೇ.

ಹೆಸರಿನಲ್ಲೂ ಅಷ್ಟೇ ದೂರ. ವ್ಯಾಕರಣದ ತರಗತಿಯಲ್ಲಿ ಕಲಿತದ್ದನ್ನು ಇಲ್ಲಿ ಉಪಯೋಗಿಸೋಣ. ಅವಲೋಕಿತ + ಈಶ್ವರ, ಗುಣಸಂಧಿ, ಅವಲೋಕಿತೇಶ್ವರ. ಲೋಕ + ಈಶ್ವರ, ಲೋಕೇಶ್ವರ. ಆದರೆ ಮಧ್ಯ ಏಷ್ಯದಲ್ಲಿ ಸಿಕ್ಕಿದ ಹಳೆಯ ಹಸ್ತಪ್ರತಿಗಳಲ್ಲಿ ಈ ಹೆಸರು 'ಅವಲೋಕಿತಸ್ವರ' ಎಂದಿದೆ. ಅಲ್ಲಿ ಈಶ್ವರ ಇಲ್ಲ, ಸ್ವರ ಇದೆ, ಅಂದರೆ ದನಿ. ಚೀನದಲ್ಲಿ 406ರಲ್ಲಿ ಸದ್ಧರ್ಮಪುಂಡರೀಕವನ್ನು ಭಾಷಾಂತರಿಸಿದ ಕುಮಾರಜೀವ ಕೊಟ್ಟ ಹೆಸರಿನ ಅರ್ಥ 'ಲೋಕದ ದನಿಯನ್ನು ನೋಡುವವನು'. ಜಪಾನೀಯರ 'ಕನ್ನೋನ್' ಅದರಿಂದಲೇ ಬಂದದ್ದು. ಏಳನೆಯ ಶತಮಾನದಲ್ಲಿ ನಮ್ಮ ಹ್ಯೂಯೆನ್ ತ್ಸಾಂಗ್ ಮಾತ್ರ ಈಶ್ವರನನ್ನು ಹಿಡಿದು ಬೇರೆ ಹೆಸರು ಮಾಡಿದ. ಜನ ಒಪ್ಪಲಿಲ್ಲ, ಹಳೆಯದೇ ಉಳಿಯಿತು. ಒಂದು ಕಡೆ ಸ್ವರ ಉಳಿಯಿತು, ನಮ್ಮ ಕಡೆ ಈಶ್ವರ ಉಳಿಯಿತು. ಈಶ್ವರ ಎಂಬ ಶಬ್ದ ಒಮ್ಮೆ ಹೆಸರಿನೊಳಗೆ ಬಂದು ಕುಳಿತ ಮೇಲೆ ಶಿವನ ಗುಡಿಯ ಬಾಗಿಲು ಎಷ್ಟು ದೂರ?

ಇನ್ನು ಮರದ ಮಾತು. ಬೌದ್ಧರಿಗೆ ಅವಲೋಕಿತನ ವಿಗ್ರಹಕ್ಕೆ ಮರ ಎಂದರೆ ಮುಖ್ಯವಾಗಿ ಶ್ರೀಗಂಧ. ಹ್ಯೂಯೆನ್ ತ್ಸಾಂಗ್ 656ರಲ್ಲಿ ಚೀನೀ ಭಾಷೆಗೆ ತಂದ ಏಕಾದಶಮುಖ ಸೂತ್ರದಲ್ಲಿ, ಹನ್ನೊಂದು ಮುಖದ ಅವಲೋಕಿತನನ್ನು ಬಿಳಿಯ ಗಂಧದ ಮರದಲ್ಲಿ ಕೆತ್ತಬೇಕೆಂಬ ವಿಧಿ ಇದೆ. ಗಂಧ ಬೆಳೆಯದ ಜಪಾನಿನವರು ಏನು ಮಾಡಬೇಕು? ತಮ್ಮಲ್ಲಿ ಸುವಾಸನೆಯುಳ್ಳ ಮರ ಯಾವುದಿದೆಯೋ ಅದನ್ನು ಹಿಡಿದರು. ಏಳನೆಯ ಶತಮಾನದಲ್ಲಿ ಕರ್ಪೂರದ ಮರ ಹೀಗೆ ಗಂಧದ ಜಾಗಕ್ಕೆ ಬಂತು ಅಂತ ಅಲ್ಲಿನ ಕಲಾ ಇತಿಹಾಸಕಾರರು ಹೇಳುತ್ತಾರೆ. 'ನಿಹೋನ್ ಶೋಕಿ' ಎಂಬ ಅವರ ಹಳೆಯ ಇತಿಹಾಸಗ್ರಂಥದಲ್ಲಿ 553ರ ಒಂದು ಕಥೆ ಇದೆ: ಸಮುದ್ರದಲ್ಲಿ ಕರ್ಪೂರದ ದಿಮ್ಮಿಯೊಂದು ಹೊಳೆಯುತ್ತ, ಬೌದ್ಧ ಮಂತ್ರದಂಥ ದನಿ ಮಾಡುತ್ತ ತೇಲಿಬಂತು, ಚಕ್ರವರ್ತಿ ಅದರಿಂದ ಬುದ್ಧ ವಿಗ್ರಹಗಳನ್ನು ಮಾಡಿಸಿದ. ಪುರಿಯ ಜಗನ್ನಾಥನ ದಾರುವಿನ ಕಥೆ ಕೇಳಿದವರಿಗೆ ಇದು ಹೊಸದಲ್ಲ. ಸಾಗರ ಸೊರಬದ ಗುಡಿಗಾರರು ಈ ಗಂಧದ ವಿಧಿಯನ್ನು ಕೇಳಿದ್ದರೆ ನಕ್ಕು "ಮರ ನಮ್ಮ ಹಿತ್ತಲಲ್ಲೇ ಇದೆ" ಅನ್ನುತ್ತಿದ್ದರೇನೋ.

ಗಂಧದ ಜತೆಗೆ ಬೆಟ್ಟವೂ ನಮ್ಮ ಕಡೆಯದೇ. ಅವಲೋಕಿತನ ವಾಸಸ್ಥಾನ ಪೋತಲಕ ಎಂಬ ಪರ್ವತ. ಅದು ದಕ್ಷಿಣದ ಮಲಕೂಟ ದೇಶದಲ್ಲಿ, ಗಂಧದ ಮರಗಳ ಮಲಯ ಪರ್ವತದ ಪೂರ್ವಕ್ಕೆ ಇದೆ ಎಂದು ಹ್ಯೂಯೆನ್ ತ್ಸಾಂಗ್ ಬರೆದಿದ್ದಾನೆ. ಅದು ತಿರುನೆಲ್ವೇಲಿಯ ಕಡೆಯ ಪೊದಿಗೈ ಬೆಟ್ಟ, ತಾಮ್ರಪರ್ಣಿ ಹುಟ್ಟುವ ಬೆಟ್ಟ, ಎಂದು ಅನೇಕ ವಿದ್ವಾಂಸರು ಗುರುತಿಸಿದ್ದಾರೆ. ಅದೇ ಪೊದಿಗೈ ತಮಿಳರಿಗೆ ಅಗಸ್ತ್ಯನ ಬೆಟ್ಟ. ಹನ್ನೊಂದನೆಯ ಶತಮಾನದ 'ವೀರಸೋೞಿಯಂ' ಎಂಬ ತಮಿಳು ವ್ಯಾಕರಣವನ್ನು ಬರೆದ ಬೌದ್ಧ ಬುದ್ಧಮಿತ್ರ, ಅಗಸ್ತ್ಯ ತಮಿಳು ಕಲಿತದ್ದೇ ಅವಲೋಕಿತನಿಂದ ಎಂದುಬಿಟ್ಟ! ಇಲ್ಲಿ ತಮಿಳು ಸಹಪಾಠಿಗಳ ಜೊತೆ ಓದುವ ನಾವು ಅವರಿಗೆ ಇದನ್ನು ಒಮ್ಮೆ ಜ್ಞಾಪಿಸಬಹುದು. ಜಪಾನೀಯರ ನಾಲಿಗೆಯಲ್ಲಿ ಪೋತಲಕ 'ಫುದರಕು' ಆಯಿತು. ನಾಚಿ ಎಂಬ ತೀರದಿಂದ ಒಂಬತ್ತನೆಯ ಶತಮಾನದಿಂದೀಚೆಗೆ ಕೆಲವು ಭಿಕ್ಷುಗಳು ಆ ಬೆಟ್ಟ ಹುಡುಕಿಕೊಂಡು ದಕ್ಷಿಣದ ಕಡಲಿಗೆ ಹೊರಟರು. ದೋಣಿಯ ಮೇಲೆ ಒಂದು ಮರದ ಕೋಣೆ, ಅದರೊಳಗೆ ಭಿಕ್ಷು, ಹೊರಗಿನಿಂದ ಬಾಗಿಲಿಗೆ ಮೊಳೆ. ಮೂವತ್ತು ದಿನದ ಅನ್ನ, ದೀಪಕ್ಕೆ ಎಣ್ಣೆ. ಅಷ್ಟೇ. ನಮ್ಮ ಒಂದು ಬೆಟ್ಟದ ಹೆಸರು ಹೇಳಿಕೊಂಡು ಜನ ಹಾಗೆ ಕಡಲಿಗಿಳಿದರು ಅನ್ನುವುದನ್ನು ಓದಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ.

ಅವಲೋಕಿತ ದಕ್ಷಿಣದ ದೇವರು ಎಂಬುದು ಇದರಿಂದ ಗೊತ್ತಾಯಿತು. ಹಾಗಾದರೆ ಕನ್ನಡ ನಾಡಿನಲ್ಲಿ ಅವನೆಲ್ಲಿ? ಮಂಗಳೂರಿನ ಕದ್ರಿಯಲ್ಲಿದ್ದಾನೆ, ಇವತ್ತಿಗೂ ಪೂಜೆ ತೆಗೆದುಕೊಳ್ಳುತ್ತಿದ್ದಾನೆ. ಕದ್ರಿ ಮಂಜುನಾಥನ ದೇವಸ್ಥಾನದಲ್ಲಿ ಗರ್ಭಗುಡಿಯಲ್ಲಿರುವುದು ಲಿಂಗ. ಅದೇ ದೇವಸ್ಥಾನದಲ್ಲಿ ಸುಮಾರು ಐದಡಿ ಎತ್ತರದ, ಕುಳಿತ ಭಂಗಿಯ ಒಂದು ಎರಕದ ವಿಗ್ರಹವಿದೆ. ಮೂರು ಮುಖ, ಆರು ಕೈ. ದಕ್ಷಿಣ ಭಾರತದ ಶ್ರೇಷ್ಠ ಕಂಚಿನ ವಿಗ್ರಹಗಳ ಸಾಲಿನಲ್ಲಿ ಅದನ್ನು ಎಣಿಸುತ್ತಾರೆ. ಮೂರು ಮುಖ ನೋಡಿದವರು ಬ್ರಹ್ಮನೋ ದತ್ತನೋ ಅಂದುಕೊಂಡರೆ ತಪ್ಪಿಲ್ಲ. ಆದರೆ ಕಿರೀಟವನ್ನು ನೋಡಿದರೆ ಅಲ್ಲಿ ನಮ್ಮ ಪುಟ್ಟ ಬುದ್ಧ ಕುಳಿತಿದ್ದಾನೆ.

ಜಪಾನಿನ ವಿಗ್ರಹಕ್ಕಿಲ್ಲದ ಒಂದು ಭಾಗ್ಯ ಇದಕ್ಕಿದೆ. ಪೀಠದ ಮೇಲೆ ಸಂಸ್ಕೃತದ ಶಾಸನವಿದೆ. ಆಳುಪ ಅರಸು ಕುಂದವರ್ಮ ಕಲಿಯುಗದ 4068ನೆಯ ವರ್ಷದಲ್ಲಿ, ಅಂದರೆ ಕ್ರಿ.ಶ. 968ರಲ್ಲಿ, ಕದಿರಿಕಾ ಎಂಬ ವಿಹಾರದಲ್ಲಿ ಲೋಕೇಶ್ವರನನ್ನು ಪ್ರತಿಷ್ಠೆ ಮಾಡಿದ ಎಂದು ಅದು ಹೇಳುತ್ತದೆ. ಹೆಸರು ಲೋಕೇಶ್ವರ, ಸ್ಥಳ ವಿಹಾರ, ಮುಡಿಯಲ್ಲಿ ಅಮಿತಾಭ. ಮೊಕದ್ದಮೆ ಇಲ್ಲಿಗೇ ಮುಗಿಯಿತು ಅನ್ನಿಸುತ್ತದೆ. ಆದರೆ ಅದೇ ಶಾಸನ ಅದೇ ಅರಸನನ್ನು ಹೊಗಳುವಾಗ, ಎಳೆಯ ಚಂದ್ರನನ್ನು ಮುಡಿದವನ ಪಾದಕಮಲದಲ್ಲಿ ದುಂಬಿಯಾದವನು ಎನ್ನುತ್ತದೆ. ಎಳೆಯ ಚಂದ್ರನನ್ನು ಮುಡಿದವನು ಯಾರು ಅಂತ ಕನ್ನಡ ವಿದ್ಯಾರ್ಥಿಗೆ ಹೇಳಿಕೊಡಬೇಕಾಗಿಲ್ಲ. ಶಿವಭಕ್ತನಾದ ಅರಸು ವಿಹಾರದಲ್ಲಿ ಲೋಕೇಶ್ವರನನ್ನಿಟ್ಟ!

ಇಲ್ಲಿಂದ ಜಗಳ ಶುರುವಾಯಿತು. ಕೆಲವರು ಇದು ಶುದ್ಧ ಬೌದ್ಧ ವಿಗ್ರಹ, ಕದ್ರಿ ಬೌದ್ಧ ಕೇಂದ್ರವಾಗಿತ್ತು, ಮಂಜುನಾಥ ಎಂಬ ಹೆಸರೇ ಮಂಜುಶ್ರೀ, ಮಂಜುಘೋಷ ಎಂಬ ಬೋಧಿಸತ್ತ್ವನ ಹೆಸರಿನಿಂದ ಬಂದದ್ದು ಎಂದರು. ಇನ್ನು ಕೆಲವರು ಲೋಕೇಶ್ವರ ಅಂದರೆ ಶಿವನೇ, ಅರಸು ಶೈವನಾಗಿದ್ದ ಮೇಲೆ ಬೇರೆ ಯಾರಾಗಬೇಕು ಎಂದರು. ಎರಡೂ ಪಕ್ಷದವರು ವಿದ್ವಾಂಸರೇ, ಇಬ್ಬರ ಕೈಯಲ್ಲೂ ಅದೇ ಶಾಸನ. ನಮ್ಮ ಸಂಘದ ಚರ್ಚಾಕೂಟಗಳಲ್ಲಿ ಆಗುವ ಹಾಗೆ, ಪ್ರತಿಯೊಬ್ಬನೂ ತನಗೆ ಬೇಕಾದ ಅರ್ಧ ಶ್ಲೋಕವನ್ನು ಗಟ್ಟಿಯಾಗಿ ಓದಿದ.

ನನಗೆ ಕಾಣುವುದು ಇಷ್ಟು. ಇಲ್ಲಿ ಒಂದೇ ಪ್ರಶ್ನೆ ಇಲ್ಲ, ಮೂರಿವೆ. ಎರಕ ಹೊಯ್ದವನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಮೇಣದ ಅಚ್ಚು ಮಾಡಿದ ಅನ್ನುವುದು ಒಂದು. ಅದಕ್ಕೆ ಮುಡಿಯ ಅಮಿತಾಭ ಉತ್ತರ ಕೊಡುತ್ತಾನೆ, ಆತ ಅವಲೋಕಿತ. ಆ ಉತ್ತರವನ್ನು ಅಲ್ಲಗಳೆಯುವುದು ಕಷ್ಟ. ಪ್ರತಿಷ್ಠೆ ಮಾಡಿಸಿದವನು ಏನು ನಂಬಿದ್ದ ಅನ್ನುವುದು ಎರಡನೆಯದು. ಅದಕ್ಕೆ ಪೀಠದ ಶಾಸನ ಸಾಕ್ಷಿ, ಅವನಿಗೆ ಚಂದ್ರಶೇಖರನ ಪಾದವೂ ಬೇಕಿತ್ತು, ವಿಹಾರದ ಲೋಕೇಶ್ವರನೂ ಬೇಕಿತ್ತು. ಮುಂದೆ ದೀಪ ಹಚ್ಚಿ ನಿಲ್ಲುವವರಿಗೆ ಅವನು ಯಾರು ಅನ್ನುವುದು ಮೂರನೆಯದು. ಅದಕ್ಕೆ ಕಿರೀಟವೂ ಶಾಸನವೂ ಉತ್ತರ ಕೊಡುವುದಿಲ್ಲ. ಒಂದರ ಉತ್ತರವನ್ನು ಇನ್ನೊಂದಕ್ಕೆ ಬರೆದರೆ ಅಂಕ ಹೋಗುತ್ತದೆ. ವಿದ್ವಾಂಸರು ಪರಸ್ಪರ ಹೊಡೆದಾಡಿದ್ದು ಬಹುಮಟ್ಟಿಗೆ ಈ ಅದಲುಬದಲಿನಿಂದ ಅಂತ ನನ್ನ ಭಾವನೆ. ಹಿರಿಯರು ಕ್ಷಮಿಸಬೇಕು.

ಅರಸನ ವರ್ತನೆ ನಮಗೆ ವಿಚಿತ್ರವಾಗಿ ಕಂಡರೆ ಅದು ನಮ್ಮ ಕಾಲದ ದೋಷ. ಕುಂದವರ್ಮನಿಂದ ನೂರು ವರ್ಷದೊಳಗೆ, 1065ರ ಸುಮಾರಿಗೆ, ಬಳ್ಳಿಗಾವೆಯಲ್ಲಿ ಚಾಳುಕ್ಯ ಆಹವಮಲ್ಲನ ಅಧಿಕಾರಿ ರೂಪಭಟ್ಟಯ್ಯ ಜಯಂತೀ ಬೌದ್ಧ ವಿಹಾರವನ್ನು ಕಟ್ಟಿಸಿದ. ಅದರ ಕನ್ನಡ ಶಾಸನದಲ್ಲಿ ದತ್ತಿ ಯಾರಾರ ಪೂಜೆಗೆ ಅಂತ ನೋಡಿ: ತಾರಾ ಭಗವತಿ, ಕೇಶವ, ಲೋಕೇಶ್ವರ, ಬೌದ್ಧದೇವ. ವಿಹಾರದೊಳಗೆ ಕೇಶವ! ಮುಂದೆ 1095ರ ಸುಮಾರಿಗೆ ಡಂಬಳದಲ್ಲಿ ಸೆಟ್ಟಿಗಳು ತಾರೆಗೆ ವಿಹಾರ ಕಟ್ಟಿಸಿ ದತ್ತಿ ಬಿಟ್ಟರು. ಬೌದ್ಧಧರ್ಮ ಕನ್ನಡ ನಾಡಿನಿಂದ ಅಷ್ಟು ಹೊತ್ತಿಗೆ ಪೂರ್ತಿ ಹೋಗಿತ್ತು ಎಂದು ಕೆಲವು ಗೈಡುಗಳಲ್ಲಿ ಇರುವುದನ್ನು ಬಾಯಿಪಾಠ ಮಾಡಿದವರು ಈ ಶಾಸನಗಳನ್ನು ಒಮ್ಮೆ ಓದಬೇಕು. ಇತ್ತ ಬೌದ್ಧರೂ ಶಿವನನ್ನು ಹೊರಗೆ ಬಿಟ್ಟವರಲ್ಲ. 'ಕಾರಂಡವ್ಯೂಹ' ಎಂಬ ಸೂತ್ರದಲ್ಲಿ ಅವಲೋಕಿತನ ಹಣೆಯಿಂದ ಮಹೇಶ್ವರ, ಹೃದಯದಿಂದ ನಾರಾಯಣ, ಕಣ್ಣುಗಳಿಂದ ಸೂರ್ಯಚಂದ್ರರು ಹುಟ್ಟಿದರು ಎಂದಿದೆ. ಪುರುಷಸೂಕ್ತ ಕೇಳಿದ ಕಿವಿಗೆ ಇದರ ಧಾಟಿ ಎಲ್ಲಿಯದು ಅಂತ ಗೊತ್ತಾಗುತ್ತದೆ. ತಮ್ಮವನೇ ಮೂಲ ಅಂತ ಹೇಳುವ ಹಟ ಇದರಲ್ಲಿ ಇದ್ದೇ ಇದೆ, ಆದರೆ ಸಂಬಂಧ ಒಪ್ಪಿಕೊಂಡೇ ಹಟ ಮಾಡಿದ್ದಾರೆ.

ಕದ್ರಿಯಲ್ಲಿ ಆಮೇಲೆ ನಾಥಪಂಥ ಬಂತು. ಮತ್ಸ್ಯೇಂದ್ರನಾಥ, ಗೋರಖನಾಥರ ಹೆಸರು, ಗುಡ್ಡದ ಮೇಲೆ ಜೋಗಿಗಳ ಮಠ. ಹನ್ನೆರಡು ವರ್ಷಕ್ಕೊಮ್ಮೆ ನಾಸಿಕದ ತ್ರ್ಯಂಬಕೇಶ್ವರದಿಂದ ನಾಥ ಸಾಧುಗಳು ನಡೆದುಕೊಂಡು ಬಂದು ಅಲ್ಲಿ ಹೊಸ ಪೀಠಾಧಿಪತಿಯನ್ನು ಕೂರಿಸುವ ಪದ್ಧತಿ ಇದೆ. ಲೋಕೇಶ್ವರ ಇದ್ದ ಕಡೆಗೇ ಮತ್ಸ್ಯೇಂದ್ರ ಬಂದದ್ದು ಕಾಕತಾಳೀಯವೆ? ನೇಪಾಳದ ಪಾಟಣದಲ್ಲಿ ಪ್ರತಿವರ್ಷ ಎತ್ತರವಾದ ತೇರಿನ ಮೇಲೆ ಕೂರಿಸಿ ಎಳೆಯುವ ಕೆಂಪು ದೇವರನ್ನು ಹಿಂದೂಗಳು ಮತ್ಸ್ಯೇಂದ್ರನಾಥ ಎನ್ನುತ್ತಾರೆ, ನೇವಾರ ಬೌದ್ಧರು ಕರುಣಾಮಯ ಲೋಕೇಶ್ವರ ಎನ್ನುತ್ತಾರೆ. ದೇವರು ಒಬ್ಬನೇ, ಹಗ್ಗ ಹಿಡಿಯುವವರು ಇಬ್ಬರೂ. ಕದ್ರಿಯಲ್ಲಿ ನಡೆದದ್ದು ಇದೇ ಜಾತಿಯ ಕಥೆ ಅನ್ನುವುದಕ್ಕೆ ಈ ಹೋಲಿಕೆ ಬಹಳ ಬಲ ಕೊಡುತ್ತದೆ.

ಪೂಜಿಸುವವನ ಮನಸ್ಸು ಶಿಲ್ಪಿಯ ಲಾಂಛನವನ್ನು ಎಷ್ಟು ದೂರ ಒಯ್ಯಬಹುದು ಅನ್ನುವುದಕ್ಕೆ ಜಪಾನಿನಿಂದಲೇ ಇನ್ನೊಂದು ಉದಾಹರಣೆ. 1614ರಲ್ಲಿ ಅಲ್ಲಿನ ಸರ್ಕಾರ ಕ್ರೈಸ್ತಧರ್ಮವನ್ನು ದೇಶದಾದ್ಯಂತ ನಿಷೇಧಿಸಿತು. ನಾಗಸಾಕಿಯ ಕಡೆಯ ರೈತರು, ಬೆಸ್ತರು ಗುಟ್ಟಾಗಿ ತಮ್ಮ ನಂಬಿಕೆಯನ್ನು ಉಳಿಸಿಕೊಂಡರು. ಮನೆಯಲ್ಲಿ ಮೇರಿಯ ವಿಗ್ರಹ ಇಟ್ಟರೆ ತಲೆ ಹೋಗುತ್ತಿತ್ತು. ಅವರು ಮಗುವನ್ನು ಎತ್ತಿಕೊಂಡ ಕನ್ನೋನಳ ಬಿಳಿ ಪಿಂಗಾಣಿ ಬೊಂಬೆ ತಂದಿಟ್ಟುಕೊಂಡರು. (ಚೀನದಲ್ಲಿ ಕಾಲಕ್ರಮದಲ್ಲಿ ಈ ಬೋಧಿಸತ್ತ್ವ ಹೆಣ್ಣಾಗಿದ್ದ. ಅದೇ ಒಂದು ಬೇರೆ ಲೇಖನದ ವಸ್ತು.) ತನಿಖೆಗೆ ಬಂದವರಿಗೆ ಅದು ಕನ್ನೋನ್, ಬಾಗಿಲು ಹಾಕಿಕೊಂಡ ಮೇಲೆ ಅದು ಮೇರಿ. 1865ರಲ್ಲಿ ನಾಗಸಾಕಿಯ ಹೊಸ ಚರ್ಚಿಗೆ ಕೆಲವರು ಬಂದು ತಾವೂ ಅದೇ ಮತದವರು ಎಂದು ಫ್ರೆಂಚ್ ಪಾದ್ರಿಗೆ ಪಿಸುಗುಟ್ಟುವವರೆಗೆ, ಎರಡೂವರೆ ಶತಮಾನ ಇದು ನಡೆಯಿತು. ಆ ಬೊಂಬೆ ಯಾರದು? ಲಾಂಛನ ನೋಡಿ ಹೇಳುವ ಪಂಡಿತ ಕನ್ನೋನ್ ಅಂತಲೇ ಬರೆಯಬೇಕು, ಬರೆದದ್ದು ಸರಿಯೇ. ಆದರೆ ಅದರ ಮುಂದೆ ಹೆದರಿ ಹೆದರಿ ಪ್ರಾರ್ಥನೆ ಮಾಡಿದ ಮುದುಕಿಯ ಮೇರಿಯನ್ನು ಅವನ ಚೀಟಿ ಅಲ್ಲಿಂದ ಎಬ್ಬಿಸಲಾರದು.

ಇದನ್ನು ನಾನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆಂದರೆ, ಇವತ್ತು ಯಾವುದಾದರೂ ಹಳೆಯ ವಿಗ್ರಹದ ವಿಚಾರ ಬಂದಕೂಡಲೇ "ಇದು ಮೊದಲು ನಮ್ಮದಾಗಿತ್ತು" ಎಂಬ ಕೂಗು ಏಳುತ್ತದೆ. ಮುಡಿಯ ಬುದ್ಧನನ್ನು ತೋರಿಸಿ ಒಬ್ಬ, ಎದುರಿನ ಲಿಂಗವನ್ನು ತೋರಿಸಿ ಇನ್ನೊಬ್ಬ. ಕದ್ರಿಯ ಲೋಕೇಶ್ವರ ಸಾವಿರ ವರ್ಷಕ್ಕೂ ಮಿಕ್ಕಿ ಮುರಿಯದೆ, ಕರಗದೆ, ಕಳುವಾಗದೆ ಉಳಿದದ್ದು ಹೇಗೆ? ಅವನನ್ನು ಬೌದ್ಧನೆಂದು ತಿಳಿದವರು ಕಾಪಾಡಿದ್ದಕ್ಕಿಂತ ಹೆಚ್ಚು ಕಾಲ, ಬೌದ್ಧನೆಂದು ತಿಳಿಯದವರು ಎಣ್ಣೆ ಹಚ್ಚಿ, ಹೂ ಮುಡಿಸಿ ಕಾಪಾಡಿದ್ದಾರೆ. ಆ ವಿಹಾರದ ಭಿಕ್ಷುಗಳು ಹೋದರು, ಆಳುಪರು ಹೋದರು. ನಾಗಪಟ್ಟಣದಲ್ಲಿ ಹೀಗಾಗಲಿಲ್ಲ. ಅಲ್ಲಿ ಕೈ ಬದಲಿಸಿ ಪೂಜೆ ಮಾಡುವವರು ಬರಲಿಲ್ಲ, ವಿಗ್ರಹಗಳು ನೆಲದೊಳಗೆ ಹೋದವು. ಹಳೆಯ ವಿಹಾರದ್ದೆಂದು ಹೇಳುವ ಗೋಪುರವನ್ನೂ 1867ರಲ್ಲಿ ಕೆಡವಿದರು. ಉಳಿದ ಕಂಚುಗಳು ಲೋಕದ ವಸ್ತುಸಂಗ್ರಹಾಲಯಗಳಿಗೆಲ್ಲ ಹಂಚಿಹೋದವು. ಅವುಗಳಿಗೆ ಪಂಡಿತರು ಕೊಟ್ಟ ಹೆಸರು ಖಚಿತವಾಗಿದೆ, ಯಾರ ತಂಟೆಯೂ ಇಲ್ಲ, ದೀಪವೂ ಇಲ್ಲ.

ಕೊನೆಯದಾಗಿ ಒಂದು ಅಭ್ಯಾಸ. ಎಗ್ಮೋರ್ ರೈಲ್ವೆ ನಿಲ್ದಾಣದಿಂದ ಪ್ಯಾಂಥಿಯನ್ ರಸ್ತೆಗೆ ನಡೆದೇ ಹೋಗಬಹುದು. ಮ್ಯೂಸಿಯಮ್ಮಿನ ಕಂಚಿನ ವಿಭಾಗದಲ್ಲಿ ಎಲ್ಲರೂ ನಟರಾಜನ ಮುಂದೆ ನಿಲ್ಲುತ್ತಾರೆ, ನೀವೂ ನಿಲ್ಲಿ, ತಪ್ಪಿಲ್ಲ. ಆಮೇಲೆ ಬೌದ್ಧ ಕಂಚುಗಳ ಕಡೆ ಹೋಗಿ, ಚೀಟಿ ಓದುವುದಕ್ಕೆ ಮುಂಚೆ ಒಂದೊಂದರ ಮುಡಿ ನೋಡಿ. ಬುದ್ಧರ ನೆತ್ತಿಯಲ್ಲಿ ದೀಪದ ಕುಡಿಯಂಥ ಜ್ವಾಲೆ ಇರುತ್ತದೆ, ಅದು ನಾಗಪಟ್ಟಣದ ಗುರುತು. ಬೋಧಿಸತ್ತ್ವರಾದರೆ ಸ್ತೂಪವೋ, ಕುಳಿತ ಬುದ್ಧನೋ, ಬುದ್ಧನಾದರೆ ಕೈ ಎಲ್ಲಿದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಚೀಟಿಯ ಜೊತೆ ತಾಳೆ ನೋಡಿ. ರೂಪಗಳು ಬಹಳ ಚಿಕ್ಕವು, ಗಾಜಿನ ಮೇಲೆ ಬೆಳಕು ಹೊಳೆಯುತ್ತದೆ, ಆದ್ದರಿಂದ ಸ್ವಲ್ಪ ಬಗ್ಗಿ ಪಕ್ಕದಿಂದ ನೋಡಬೇಕು. ಶುಕ್ರವಾರ ರಜೆ, ಅವತ್ತು ಹೋಗಬೇಡಿ.